ವ್ಯಾಕರಣಕಾರನ ಲಿಲ್ಲಿ ತೋಟ

ಯಾದಗಿರಿ ಜಿಲ್ಲೆಯ ಕಡೇಚೂರು ಬಿಸಿಲ ನಾಡಿನ ಊರು. ಇಂಥ ಊರಿನ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವೆಡೆ, ಯಾರೋ ಎಂದೋ ಹೂಳಿದ ಲಿಲ್ಲಿಯ ಗಡ್ಡೆ ಬೇಸಗೆಯೆಲ್ಲ ಸೊರಗಿದ್ದು, ಮುಂಗಾರಿನ ಹದಮಳೆಗೆ ಬಿಳಿಯ ಹೂಗೊಂಚಲನ್ನು ಎತ್ತಿ ಹಿಡಿದರೆ ಮನೆಯವರಿಗೆ ಅಚ್ಚರಿಯೇನೂ ಇಲ್ಲ. ಅಚ್ಚರಿಯಿರುವುದು ಅದರ ಚರಿತ್ರೆಯಲ್ಲಿ. ಆ ಚರಿತ್ರೆಯ ಎಳೆಯೊಂದು ಕನ್ನಡ ವ್ಯಾಕರಣದೊಡನೆ ಹೆಣೆದುಕೊಂಡಿದೆ.

ಶಾಸ್ತ್ರದ ದೃಷ್ಟಿಯಿಂದ ಇದು ನಿಜವಾದ ಲಿಲ್ಲಿಯಲ್ಲ. ಆ ಲಿಲ್ಲಿಗೆ ಬೆಟ್ಟದ ತಂಪು ಬೇಕು. ಬಯಲುಸೀಮೆಯ ಸೆಕೆಯನ್ನು ಸಹಿಸುವ ಈ ಗಿಡದ ಕುಲಕ್ಕೆ ಕ್ರೈನಮ್ ಎಂದು ಹೆಸರು. ಸಂಸ್ಕೃತದಲ್ಲಿ ಸುದರ್ಶನ, ಕನ್ನಡದಲ್ಲಿ ವಿಷಮೂಂಗಲಿ.

ಈ ಕುಲಕ್ಕೆ ಮನಸೋತವರಲ್ಲಿ ವಿಲಿಯಂ ಕೇರಿ ಒಬ್ಬ. ಇಂಗ್ಲೆಂಡಿನಲ್ಲಿ ಜೋಡು ಹೊಲಿಯುತ್ತಿದ್ದ ಈತ 1793ರಲ್ಲಿ ಪಾದ್ರಿಯಾಗಿ ಬಂಗಾಳಕ್ಕೆ ಬಂದ. 1817ರಲ್ಲಿ ಅವನ ಕನ್ನಡ ವ್ಯಾಕರಣ ಶ್ರೀರಾಮಪುರದ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡ ನಾಡನ್ನು ಕಾಣದವನು ಬಂಗಾಳದಲ್ಲಿ ಕುಳಿತೇ ನಮ್ಮ ವಿಭಕ್ತಿಗಳನ್ನು ಎಣಿಸಿದ! ಅದೇ ಶ್ರೀರಾಮಪುರದಲ್ಲಿ ಅವನದು ಸುಮಾರು ಐದು ಎಕರೆಯ ತೋಟ. 1820ರಲ್ಲಿ ಕಲ್ಕತ್ತೆಯ ಕೃಷಿ-ತೋಟಗಾರಿಕೆ ಸಂಘವನ್ನು ಹುಟ್ಟುಹಾಕಿದವನೂ ಅವನೇ.

ಆ ಕಾಲದಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಪಾದ್ರಿ ವಿಲಿಯಂ ಹರ್ಬರ್ಟ್ ಇದೇ ಬಗೆಯ ಗಡ್ಡೆಗಳನ್ನು ಒಂದಕ್ಕೊಂದು ಬೆರಕೆ ಮಾಡಿ ನೋಡುತ್ತಿದ್ದ. ಒಂದು ಕ್ರೈನಮ್‌ಗೆ ಅವನು ಕೇರಿಯ ಹೆಸರನ್ನೇ ಇಟ್ಟ. ಎರಡು ಜಾತಿಗಳ ಬೆರಕೆ ಬಂಜೆಯೇ ಸರಿ ಎಂಬ ನಂಬಿಕೆ ಬಲವಾಗಿದ್ದ ದಿನಗಳವು. ಹಾಗಲ್ಲವೆಂದು ಹರ್ಬರ್ಟನ ಗಿಡಗಳು ಸಾರಿದವು. 1859ರ ತನ್ನ ಮಹಾಗ್ರಂಥದಲ್ಲಿ ಡಾರ್ವಿನ್ ಹರ್ಬರ್ಟನ ಕ್ರೈನಮ್‌ಗಳನ್ನು ಸಾಕ್ಷಿಗೆ ಕರೆದ. ಹಿತ್ತಿಲ ಹೂವೊಂದು ಜೀವಸೃಷ್ಟಿಯ ವಾದಕ್ಕೆ ಸಾಕ್ಷಿಯಾಯಿತು.

ಕೇರಿಗಾದರೋ ತೋಟ ಸುಲಭವಾಗಿ ಒಲಿಯಲಿಲ್ಲ. 1823ರ ಅಕ್ಟೋಬರಿನಲ್ಲಿ ದಾಮೋದರ ನದಿ ಉಕ್ಕಿ, ವರ್ಷಗಳ ದುಡಿಮೆಯನ್ನು ಕೊಚ್ಚಿಕೊಂಡು ಹೋಯಿತು. ಆಗ ಅವನಿಗೆ ಅರುವತ್ತು ದಾಟಿತ್ತು. ಆದರೂ ಮತ್ತೆ ನೆಟ್ಟ. 1834ರಲ್ಲಿ, ಮರಣಶಯ್ಯೆಯಲ್ಲಿದ್ದಾಗ, ತಾನು ಹೋದ ಮೇಲೆ ತೋಟಕ್ಕೆ ದನ ನುಗ್ಗಿಸುವರೋ ಎಂದು ಅವನು ಚಿಂತಿಸಿದನೆಂದು ಚರಿತ್ರಕಾರರು ಹೇಳುತ್ತಾರೆ.

ಈ ಗಿಡ ಕೇಳುವುದು ಬಹಳ ಸ್ವಲ್ಪ. ಗಡ್ಡೆಯ ಕೊರಳು ಮಣ್ಣಿನ ಮೇಲಿರಬೇಕು. ನೀರು ಬಸಿದು ಹೋಗಬೇಕು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ. ಒಮ್ಮೆ ನೆಟ್ಟರೆ ಕೆಲವು ವರ್ಷ ಕದಲಿಸಬಾರದು. ಮರಿಗಡ್ಡೆಗಳು ಒತ್ತೊತ್ತಾದಾಗ, ಮಳೆಗೆ ಮುನ್ನ, ಬಿಡಿಸಿ ನೆಡಬಹುದು. ಎಲೆ ತಿನ್ನುವ ಕಂಬಳಿಹುಳುಗಳನ್ನು ಸಂಜೆಯ ಹೊತ್ತು ಕೈಯಿಂದ ಆರಿಸಿ ತೆಗೆದರೆ ಸಾಕು. ಗಡ್ಡೆ ವಿಷವಾದುದರಿಂದ ಮಕ್ಕಳನ್ನೂ ದನಕರುಗಳನ್ನೂ ದೂರವಿಡಬೇಕು.

ಕೇರಿಯ ವ್ಯಾಕರಣವನ್ನು ಇಂದು ತೆರೆಯುವವರು ವಿರಳ. ಅವನ ಬಳಿಕ ಅದಕ್ಕಿಂತ ಒಳ್ಳೆಯ ವ್ಯಾಕರಣಗಳು ಬಂದವು. ಆದರೆ ಮುಂದಿನ ಮುಂಗಾರಿಗೆ ನಿಮ್ಮ ಹಿತ್ತಿಲಲ್ಲಿ ಆ ಬಿಳಿಯ ಹೂ ಅರಳಿದಾಗ, ಪ್ರವಾಹ ಇಳಿದ ಬಳಿಕ ಕೆಸರಿನಲ್ಲಿ ಮತ್ತೆ ಗಿಡ ನೆಡುತ್ತಿದ್ದ ಆ ಮುದುಕನನ್ನು ಒಂದು ಗಳಿಗೆ ನೆನೆಯಬಹುದಲ್ಲವೆ?