ಮೈಸೂರು ಸೀಮೆಯಲ್ಲಿ ನಿಸ್ತಂತು ವಿದ್ಯೆಯ ಹವ್ಯಾಸಿಗಳು

ಹಳೆಯ ಮೈಸೂರು ಸೀಮೆಯಲ್ಲಿ ತಂತಿ ವಿದ್ಯೆ ನೌಕರಿಯ ಬೆನ್ನು ಹತ್ತಿ ಬಂದರೆ, ನಿಸ್ತಂತು ವಿದ್ಯೆ ಅಧ್ಯಾಪಕರೊಬ್ಬರ ಮನೆಯಿಂದ ಹೊರಟಿತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣಗೊಂಡಾಗ ಶ್ರೀರಂಗಪಟ್ಟಣದ ಮೂಲಕವೂ, ಹೈದರ್ ಮತ್ತು ಟಿಪ್ಪುವಿನ ಕಾಲದ ಫ್ರೆಂಚ್ ದಂಡಿನ ನೆನಪಿಗೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಪಾಂಡವಪುರದ ಮೂಲಕವೂ ಹಳಿಯ ಜೊತೆಗೆ ತಂತಿಗಂಬಗಳು ಸಾಗಿದವು. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳು ಆ ಹಳಿಯಿಂದ ದೂರವೇ ಉಳಿದವು. ತಂತಿ ಕಳಿಸುವ ವಿದ್ಯೆ ಸ್ಟೇಷನ್ ಮಾಸ್ತರರ ಕೋಣೆಯದಾಗಿದ್ದು, ಕುತೂಹಲವೊಂದನ್ನೇ ಬಂಡವಾಳ ಮಾಡಿಕೊಂಡವನಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದವರು ಎಂಜಿನಿಯರರಲ್ಲ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ. ವಿ. ಗೋಪಾಲಸ್ವಾಮಿ ಎಂಬುದು ಗಮನಿಸತಕ್ಕ ಸಂಗತಿ. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರು ಆಸುಪಾಸಿನ, ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಅವರು 1935ರ ಸೆಪ್ಟೆಂಬರ್ 10ರಂದು ಬಾನುಲಿ ಪ್ರಸಾರ ಆರಂಭಿಸಿದರು. ಮೊದಲ ಪ್ರೇಷಕದ, ಎಂದರೆ ಧ್ವನಿಯನ್ನು ರೇಡಿಯೋ ಅಲೆಗಳ ಮೇಲೇರಿಸಿ ಕಳಿಸುವ ಯಂತ್ರದ ಶಕ್ತಿ 30 ವ್ಯಾಟ್, ಅಂದರೆ ಹಳೆಯ ಮನೆಗಳ ಪಡಸಾಲೆಯಲ್ಲಿ ಉರಿಯುತ್ತಿದ್ದ 40 ವ್ಯಾಟಿನ ಬಲ್ಬಿಗಿಂತಲೂ ಕಡಿಮೆ. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಲೇಖಕ ನಾ. ಕಸ್ತೂರಿ ಎಂಬ ಮಾತು ಪ್ರಚಲಿತದಲ್ಲಿದೆ. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಅಂಟಿಕೊಂಡಿತು. ಗೋಪಾಲಸ್ವಾಮಿಯವರ ಕೇಂದ್ರವು 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೈಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮನೆಯ ಸಾಹಸವೊಂದು ಸರ್ಕಾರಿ ಕಚೇರಿಯಾಗಲು ಹತ್ತು ವರ್ಷವೂ ಹಿಡಿಯಲಿಲ್ಲ.

ಆದರೆ ಪ್ರಸಾರ ಬೇರೆ, ಹವ್ಯಾಸಿ ರೇಡಿಯೋ ಬೇರೆ. ಪ್ರಸಾರದಲ್ಲಿ ಒಬ್ಬರು ನುಡಿದು ಸಾವಿರಾರು ಮಂದಿ ಕೇಳುತ್ತಾರೆ. ಜನರು ‘ಹ್ಯಾಮ್’ ಎಂದು ಕರೆಯುವ ಹವ್ಯಾಸಿ ರೇಡಿಯೋದಲ್ಲಿ ಪರವಾನಗಿ ಪಡೆದ ಇಬ್ಬರು ಪರಸ್ಪರ ಮಾತಾಡುತ್ತಾರೆಯೇ ಹೊರತು ಹಾಡು ಹಾಕುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದಾಗ ಸರ್ಕಾರವು ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿತು. ಸ್ವಾತಂತ್ರ್ಯದ ನಂತರ ಚಟುವಟಿಕೆ ಮರಳಿ ಕುದುರಿ, 1959ರಲ್ಲಿ ಬೆಂಗಳೂರಿನಲ್ಲಿ ಹವ್ಯಾಸಿ ರೇಡಿಯೋ ಕ್ಲಬ್ಬು ಹುಟ್ಟಿಕೊಂಡಿತು. 1978ರ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸು ಮಾಡಿದವರಿಗೆ ವಿಯು ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ, ಎಂದರೆ ಗಾಳಿಯಲ್ಲಿ ಆ ವ್ಯಕ್ತಿಯನ್ನು ಗುರುತಿಸುವ ಹೆಸರು ದೊರೆಯುತ್ತದೆ. ಪರೀಕ್ಷೆ ಇರುವುದರಿಂದಲೇ ಈ ಹವ್ಯಾಸಕ್ಕೆ ತರಗತಿ ಬೇಕಾಯಿತು. ಅಂಚೆಚೀಟಿ ಸಂಗ್ರಹಕ್ಕೆ ಅಂಥ ಪಾಡಿಲ್ಲ.

ತರಗತಿಯ ಕಷ್ಟದ ಭಾಗವೆಂದು ಹೆಸರಾದದ್ದು ಮೋರ್ಸ್. ಗಿಡ್ಡ ಸದ್ದು ಮತ್ತು ಉದ್ದ ಸದ್ದುಗಳ ಜೋಡಣೆಯಿಂದ ಅಕ್ಷರ ಕಟ್ಟುವ ಈ ಸಂಕೇತದಲ್ಲಿ ಉದ್ದ ಸದ್ದು ಗಿಡ್ಡದರ ಮೂರು ಪಟ್ಟು ಇರಬೇಕು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕಿದ ಕನ್ನಡದ ಹುಡುಗನಿಗೆ ಇದು ಅನ್ಯವಿದ್ಯೆಯಲ್ಲ. ಗುರುವಿಗೆ ಇನ್ನೊಂದು ಮಾತ್ರೆ ಸೇರಿಸಿಕೊಂಡರೆ ಸಾಕು. ಬರೆದ ಚುಕ್ಕೆ–ಗೆರೆಗಳನ್ನು ಕಂಠಪಾಠ ಮಾಡಿದವನು ತಡವರಿಸುತ್ತಾನೆ, ಲಯವನ್ನು ಕಿವಿಯಿಂದ ಹಿಡಿದವನು ಗೆಲ್ಲುತ್ತಾನೆ. ಈ ಗುಟ್ಟು ಗಮಕ ಕಲಿಸಿದವರಿಗೂ ಗೊತ್ತು.

ಉಪಕರಣ ದುಬಾರಿಯಾಗಿದ್ದದ್ದು ಇನ್ನೊಂದು ತೊಡಕು. ಹೈದರಾಬಾದಿನ ಅಶರ್ ಫರ್ಹಾನ್ 2004ರ ಆಸುಪಾಸಿನಲ್ಲಿ ರೂಪಿಸಿದ ‘ಬಿಟೆಕ್ಸ್’ ಎಂಬ ಅಗ್ಗದ ರೇಡಿಯೋ ಈ ತೊಡಕನ್ನು ಸಡಿಲಿಸಿತು. ಸುರುಳಿ ಸುತ್ತಲು ಬೇಕಾದ ವಿಶೇಷ ಉಂಗುರಗಳು ಸಿಗುವುದು ಕಷ್ಟವಾದ್ದರಿಂದ ಅವರು ನೀರಿನ ನಲ್ಲಿಗೆ ಹಾಕುವ ವಾಷರಿನ ಮೇಲೆ ತಾಮ್ರದ ತಂತಿ ಸುತ್ತುವ ದಾರಿ ತೋರಿಸಿದರು. ವಾಷರು ನಾಗಮಂಗಲದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ; ಟ್ರಾನ್ಸಿಸ್ಟರು, ಕೆಪಾಸಿಟರುಗಳಿಗೆ ಬೆಂಗಳೂರಿನ ಎಸ್. ಪಿ. ರೋಡಿದೆ. ಪಂಪ್‌ಸೆಟ್ಟಿನ ಕೆಪಾಸಿಟರು ಹೋದಾಗ ತಾನೇ ಬದಲಾಯಿಸಿಕೊಳ್ಳುವ ರೈತನ ಮಕ್ಕಳಿಗೆ ಬೆಸುಗೆ ಕಡ್ಡಿ ಹಿಡಿಯುವುದನ್ನು ಹೆಚ್ಚಿಗೆ ಹೇಳಿಕೊಡಬೇಕಾಗಿಲ್ಲ. ಇದೇ ಕಾಲದಲ್ಲಿ, 2005ರ ಮೇ 5ರಂದು ಇಸ್ರೋ ಹಾರಿಸಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹವು ಸುಮಾರು 435 ಮೆಗಾಹರ್ಟ್ಸ್‌ನಲ್ಲಿ ಬಂದ ದನಿಯನ್ನು 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಭೂಮಿಗೆ ಮರಳಿಸುತ್ತ, 2014ರವರೆಗೆ ಹವ್ಯಾಸಿಗಳಿಗೆ ಬಾನಿನ ಪಾಠಶಾಲೆಯಂತಿತ್ತು.

ಕೃಷ್ಣರಾಜಪೇಟೆಯಲ್ಲಿ ಇಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ವಿಶ್ವವಿದ್ಯಾಲಯವಿದೆ, ಪಾಂಡವಪುರದ ಕುಂತಿಬೆಟ್ಟದಂಥ, ಶ್ರೀರಂಗಪಟ್ಟಣದ ಕರಿಘಟ್ಟದಂಥ ಎತ್ತರದ ಜಾಗಗಳಿವೆ. ನೇರ ದೃಷ್ಟಿಯಲ್ಲಿ ಸಾಗುವ ಅತಿ ಉಚ್ಚ ಆವರ್ತನದ ಅಲೆಗಳಿಗೆ ಬೇಕಾದದ್ದು ಎತ್ತರವೇ. ಕಾಲೇಜು, ಎತ್ತರಗಳಿದ್ದರೂ ಭಾಷೆಯ ತೊಡಕು ಉಳಿದಿದೆ: ಪಾಠವನ್ನು ಕನ್ನಡದಲ್ಲಿ ಹೇಳಿಕೊಡುವುದು ಸುಲಭ, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದು ಹಾಗಲ್ಲ. ಹನ್ನೆರಡು ವರ್ಷ ತುಂಬಿದ ಯಾರಾದರೂ ಕೂರಬಹುದಾದ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯಬೇಕೆಂದು ಈ ತಾಲ್ಲೂಕುಗಳ ಶಾಲೆ ಕಾಲೇಜುಗಳು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕು.