ವಿಂಡೋಸ್ ಹಳೆಯ ಆವೃತ್ತಿಗೆ ಮರಳಿದಾಗ ಡಿಸ್ಕ್ ಜಾಗದ ಲೆಕ್ಕ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿ, ಅದು ಒಗ್ಗದೆ ಹಳೆಯ ಆವೃತ್ತಿಗೆ ಮರಳಿದವರನ್ನು ಒಂದು ಸಂಗತಿ ಗೊಂದಲಕ್ಕೀಡುಮಾಡುತ್ತದೆ. ಸಿ ಡ್ರೈವ್‌ನಲ್ಲಿ ಮೊದಲಿದ್ದಷ್ಟೇ ಖಾಲಿ ಜಾಗ ಈಗ ಕಾಣುವುದಿಲ್ಲ. ಕೆಲವರಿಗೆ ಅದು ಕಡಿಮೆಯಾಗಿರುತ್ತದೆ, ಕೆಲವರಿಗೆ ಹೆಚ್ಚಾಗಿರುತ್ತದೆ. ಕಡಿಮೆಯಾದ ಜಾಗವನ್ನು ಬಹುಪಾಲು ಮರಳಿ ಪಡೆಯಬಹುದು. ಆದರೆ ಜಾಗ ಹೆಚ್ಚಾಗಿದ್ದರೆ, ಏನು ಹೋಗಿದೆ ಎಂಬುದನ್ನು ಮೊದಲು ನೋಡಬೇಕು.

ಮೇಲ್ದರ್ಜೆಗೇರುವಾಗ ಆಗುವುದೇನು?

ವಿಂಡೋಸ್ 10ರಿಂದ 11ಕ್ಕೆ ಏರುವಾಗ ಹಳೆಯ ವ್ಯವಸ್ಥೆ ಅಳಿಯುವುದಿಲ್ಲ. ಅದು ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್‌ಗೆ ಸ್ಥಳಾಂತರಗೊಳ್ಳುತ್ತದೆ. ಪಕ್ಕದಲ್ಲೇ ಹೊಸ ವ್ಯವಸ್ಥೆ ನೆಲೆಗೊಳ್ಳುತ್ತದೆ. ಅನುಸ್ಥಾಪನೆಗೆ ಬೇಕಾದ ಕಡತಗಳು ಡಾಲರ್ ಚಿಹ್ನೆಯಿಂದ ಆರಂಭವಾಗುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರ್‌ಗಳಲ್ಲಿ ಇಳಿದಿರುತ್ತವೆ. ಒಂದೇ ಡಿಸ್ಕ್‌ನಲ್ಲಿ ಎರಡು ವ್ಯವಸ್ಥೆಗಳು ತಂಗಿರುವುದರಿಂದ ಈ ಅವಧಿಯಲ್ಲಿ ಹತ್ತಾರು ಗಿಗಾಬೈಟ್ ಜಾಗ ಕರಗುವುದು ಸಹಜ.

ಮರಳುವ ದಾರಿ ಇರುವುದು ಈ ‘ವಿಂಡೋಸ್.ಓಲ್ಡ್’ ಫೋಲ್ಡರ್‌ನಲ್ಲೇ. 2015ರಲ್ಲಿ ವಿಂಡೋಸ್ 10 ಬಿಡುಗಡೆಯಾದಾಗ ಮರಳಲು ಒಂದು ತಿಂಗಳ ಕಾಲಾವಕಾಶವಿತ್ತು. 2016ರ ಪರಿಷ್ಕರಣೆಯಿಂದೀಚೆಗೆ ಅದು 10 ದಿನಗಳಿಗೆ ಇಳಿದಿದೆ. ಅವಧಿ ಮುಗಿದ ಮೇಲೆ ವಿಂಡೋಸ್ ತಾನಾಗಿ ಈ ಫೋಲ್ಡರ್ ಅಳಿಸುತ್ತದೆ. ಜಾಗ ಸಾಲದೆಂದು ಬಳಕೆದಾರರೇ ಅದನ್ನು ಮೊದಲೇ ಅಳಿಸಿದರೆ ಮರಳುವ ಆಯ್ಕೆ ಅಲ್ಲಿಗೆ ಮುಗಿಯಿತು.

ಜಾಗ ಕಡಿಮೆಯಾಗಿದ್ದರೆ

ಮರಳುವಾಗ ಹಳೆಯ ವ್ಯವಸ್ಥೆ ಸ್ವಸ್ಥಾನಕ್ಕೆ ಬರುತ್ತದೆ. ಹೊಸ ಆವೃತ್ತಿಯಲ್ಲಿ ಅನುಸ್ಥಾಪಿಸಿದ ತಂತ್ರಾಂಶಗಳು ಹೋಗುತ್ತವೆ. ಆದರೆ ಅನುಸ್ಥಾಪನೆಯ ಕಡತಗಳು ಮತ್ತು ದಾಖಲೆಗಳು ಉಳಿಯಬಹುದು. ವಿಂಡೋಸ್ ಅಪ್‌ಡೇಟ್ ಅದೇ ಹೊಸ ಆವೃತ್ತಿಯನ್ನು ಮತ್ತೆ ಇಳಿಸಿಕೊಳ್ಳಲು ಆರಂಭಿಸಿರಲೂಬಹುದು. ಇವು ಕೆಲವು ಗಿಗಾಬೈಟ್ ತಿನ್ನುತ್ತವೆ.

ಇನ್ನೊಂದು ಕಾರಣ ಬೇರೆ ಬಗೆಯದು. ಹಳೆಯ ರಿಕವರಿ ವಿಭಾಗ ಚಿಕ್ಕದಾಗಿದ್ದರೆ ಅನುಸ್ಥಾಪನೆಯ ವೇಳೆ ಸಿ ಡ್ರೈವ್‌ನ ಅಂಚನ್ನು ಕತ್ತರಿಸಿ ಹೊಸ ರಿಕವರಿ ವಿಭಾಗವನ್ನು ರಚಿಸಲಾಗುತ್ತದೆ. ವ್ಯವಸ್ಥೆ ಮರಳಿದರೂ ಈ ವಿಭಾಗ ಉಳಿಯಬಹುದು. ಆಗ ಖಾಲಿ ಜಾಗವಷ್ಟೇ ಅಲ್ಲ, ಡ್ರೈವ್‌ನ ಒಟ್ಟು ಗಾತ್ರವೇ ತುಸು ಕುಗ್ಗಿರುತ್ತದೆ. ಇದನ್ನು ಅಳಿಸುವ ಗೋಜಿಗೆ ಹೋಗದಿರುವುದು ಲೇಸು. ಗಣಕ ಆರಂಭವಾಗದೇ ನಿಂತ ದಿನ ನೆರವಿಗೆ ಬರುವುದು ಇದೇ ವಿಭಾಗ.

ಜಾಗ ಹೆಚ್ಚಾಗಿದ್ದರೆ

ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿದಿರುವುದು, ಅಪ್‌ಡೇಟ್‌ನ ತಾತ್ಕಾಲಿಕ ಕಡತಗಳು ಸ್ವಚ್ಛಗೊಂಡಿರುವುದು ಸಾಮಾನ್ಯ ಕಾರಣಗಳು. ಆದರೂ ಫೋಟೊ, ದಾಖಲೆ ಇತ್ಯಾದಿ ಸ್ವಂತ ಕಡತಗಳು ಸರಿಯಾಗಿವೆಯೇ ಎಂದು ತಕ್ಷಣ ಪರಿಶೀಲಿಸಬೇಕು. ಈ ಎಚ್ಚರಿಕೆ ಅನವಶ್ಯಕವಲ್ಲ. 2018ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 10ರ 1809 ಆವೃತ್ತಿಯಿಂದ ಕೆಲವು ಬಳಕೆದಾರರ ಕಡತಗಳು ಅಳಿದ ದೂರುಗಳು ಬಂದು, ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಬೇಕಾಯಿತು. ಅದು ಮತ್ತೆ ಹೊರಬಂದದ್ದು ನವೆಂಬರ್‌ನಲ್ಲಿ.

ಕಡತ ಕಾಣೆಯಾಗಿದ್ದರೆ ಗಣಕದ ಬಳಕೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಅಳಿದ ಕಡತದ ಜಾಗದಲ್ಲಿ ಹೊಸ ಮಾಹಿತಿ ಬರೆಯಲ್ಪಟ್ಟರೆ ಅದನ್ನು ಮರಳಿ ಪಡೆಯಲಾಗದು. ಎಸ್‌ಎಸ್‌ಡಿಗಳಲ್ಲಿ ಅಳಿದ ಭಾಗ ಬೇಗನೆ ಖಾಲಿಯಾಗುವುದರಿಂದ ಅವಕಾಶ ಇನ್ನೂ ಕಡಿಮೆ.

ಸ್ವಚ್ಛಗೊಳಿಸುವ ಕ್ರಮ

ಮೊದಲು ಸ್ವಂತ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ಗೆ ತೆಗೆದಿರಿಸಬೇಕು. ಕೆಲವು ದಿನ ಹಳೆಯ ವ್ಯವಸ್ಥೆ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಬೇಕು. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ‘ಡಿಸ್ಕ್ ಕ್ಲೀನಪ್’ ತೆರೆದು, ‘ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್’ ಗುಂಡಿಯನ್ನು ಒತ್ತಬೇಕು. ಪಟ್ಟಿಯಲ್ಲಿ ವಿಂಡೋಸ್‌ನ ತಾತ್ಕಾಲಿಕ ಅನುಸ್ಥಾಪನ ಕಡತಗಳು ಹಾಗೂ ಅಪ್‌ಗ್ರೇಡ್ ದಾಖಲೆಗಳನ್ನು ಗುರುತು ಮಾಡಿ ಅಳಿಸಬಹುದು. ಫೋಲ್ಡರ್‌ಗಳನ್ನು ಕೈಯಾರೆ ಅಳಿಸುವುದಕ್ಕಿಂತ ಇದು ಸುರಕ್ಷಿತ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ ಪುಟದಿಂದ ಅಳಿಸುವವರು ‘ಡೌನ್‌ಲೋಡ್ಸ್’ ಎಂಬ ಸಾಲಿಗೆ ಗುರುತು ಬೀಳದಂತೆ ನೋಡಿಕೊಳ್ಳಬೇಕು. ಅದು ಬಳಕೆದಾರರದೇ ಕಡತಗಳ ಫೋಲ್ಡರ್.

ವಿಂಡೋಸ್ 10ಕ್ಕೆ ಮರಳುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಆ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಗಣಕಗಳಿಗೆ ಮಾಸಿಕ ಭದ್ರತಾ ಪರಿಷ್ಕರಣೆ ಬರುವುದಿಲ್ಲ. ಮತ್ತೆ ಮೇಲೇರುವ ದಿನಕ್ಕಾಗಿ ಡಿಸ್ಕ್‌ನಲ್ಲಿ ಸಾಕಷ್ಟು ಜಾಗ ಬಿಡಿಸಿಟ್ಟುಕೊಂಡಿರುವುದು ಜಾಣತನ.