ಮಡಿಲ ಕೂಸಿನ ವಿಮಾನಯಾನ

ಬಸ್ಸಿನಲ್ಲಿ ಕೂಸು ಅತ್ತರೆ ಯಾರೋ ಒಬ್ಬ ಅಜ್ಜಿ "ಇಲ್ಲಿ ಕೊಡಿ ಮಾರಾಯ್ರೆ, ಸ್ವಲ್ಪ ನಾನು ಎತ್ತಿಕೊಳ್ತೇನೆ" ಎಂದು ಕೈ ಚಾಚುತ್ತಾರೆ. ಅದೇ ಕೂಸು ವಿಮಾನದಲ್ಲಿ ಅತ್ತರೆ ನಾಲ್ಕು ಸಾಲಿನವರು ತಿರುಗಿ ತಾಯಿಯ ಮುಖ ನೋಡುತ್ತಾರೆ. ನೆಲ ಬಿಟ್ಟ ಕೂಡಲೇ ಮನುಷ್ಯರಿಗೆ ಏನಾಗುತ್ತದೋ ದೇವರೇ ಬಲ್ಲ.

ಮೂರು ದಶಕಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ವಿಮಾನದ ಚರಿತ್ರೆ ಎಂದರೆ 1903ರ ರೈಟ್ ಸಹೋದರರು, 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲ ಹೊತ್ತು ಹಾರಿದ ಜೆ.ಆರ್.ಡಿ. ಟಾಟಾ, ಹೀಗೆ ಗಂಡಸರ ಹೆಸರುಗಳನ್ನೇ ಮಕ್ಕಳಿಗೆ ಬರೆಸುತ್ತಿದ್ದೆವು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಅದೇ ವಿಮಾನ ಹತ್ತಿದ ಹೆಂಗಸರ ಕಥೆಯನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಕಾಣಲಿಲ್ಲ. ಅಲ್ಲೊಂದು ಇಲ್ಲೊಂದು ಓದಿ ಕೂಡಿಸಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿನ ವಿಮಾನಗಳು ಮಕ್ಕಳಿಗೆ ಹೇಳಿ ಮಾಡಿಸಿದವಲ್ಲ. ಮೋಡಗಳ ಕೆಳಗೇ ಹಾರಬೇಕಾದ್ದರಿಂದ ಘಾಟಿಯ ಬಸ್ಸಿಗಿಂತ ಹೆಚ್ಚು ಕುಲುಕಾಟ. ದೊಡ್ಡವರೇ ವಾಂತಿ ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಎಲೆನ್ ಚರ್ಚ್ ಎಂಬ ನರ್ಸ್ ಇದ್ದಳು. ಆಕೆ ವಿಮಾನ ನಡೆಸಲು ಕಲಿತವಳು, ಪೈಲಟ್ ಕೆಲಸ ಬೇಕೆಂದು ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ಬಾಗಿಲು ತಟ್ಟಿದಳು. ಹೆಂಗಸಿಗೆ ಆ ಕೆಲಸ ಎಲ್ಲಿಂದ ಬರಬೇಕು? ಹಾಗಾದರೆ ಪ್ರಯಾಣಿಕರನ್ನು ನೋಡಿಕೊಳ್ಳಲು ನರ್ಸುಗಳನ್ನಾದರೂ ತೆಗೆದುಕೊಳ್ಳಿ ಎಂದಳು. 1930ರ ಮೇ 15ರಂದು ಆಕೆ ಹಾರಿದಳು. ಲೋಕದ ಮೊದಲ ಗಗನಸಖಿ ಎಂದು ಇಂದು ನಾವು ಓದುವುದು ಆಕೆಯ ಹೆಸರನ್ನೇ. ಆಗ ಆರಿಸಿದ ಎಂಟು ಮಂದಿಯೂ ನರ್ಸುಗಳೇ. ಮದುವೆಯಾಗಿರಬಾರದು, ತೂಕ ಇಷ್ಟಕ್ಕಿಂತ ಹೆಚ್ಚಿರಬಾರದು ಎಂಬ ಷರತ್ತುಗಳಿದ್ದವು. ಊರವರ ಮಕ್ಕಳ ವಾಂತಿ ಒರೆಸಲು ಬೇಕಾದವಳಿಗೆ ಸ್ವಂತ ಮಗು ಮಾತ್ರ ಇರಬಾರದು!

ಈ ಷರತ್ತು ನಮ್ಮಲ್ಲಿಗೂ ಬಂತು. ಏರ್ ಇಂಡಿಯಾದ ಗಗನಸಖಿಯರಿಗೆ 35 ವರ್ಷಕ್ಕೆ ನಿವೃತ್ತಿ. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ. ಮೊದಲ ಬಾರಿ ಬಸುರಿಯಾದರೆ ಆಗಲೂ ಮನೆಗೆ. ನರ್ಗೇಶ್ ಮಿರ್ಜಾ ಮತ್ತು ಸಂಗಾತಿಗಳು ನ್ಯಾಯಾಲಯಕ್ಕೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟು ಬಸುರಿನ ಷರತ್ತನ್ನು ತೆಗೆದುಹಾಕಿತು. ನಾಲ್ಕು ವರ್ಷದ ಮದುವೆಯ ಷರತ್ತನ್ನು ಮಾತ್ರ ಸರಿಯೆಂದಿತು. ಸಿಕ್ಕಿದ್ದು ಅರ್ಧ ನ್ಯಾಯವಾದರೂ ಆ ಅರ್ಧ ದೊಡ್ಡದು.

ಇನ್ನು ಮಕ್ಕಳ ಅಳು. ಕಿವಿಯ ಒಳಭಾಗವನ್ನು ಗಂಟಲಿಗೆ ಸೇರಿಸುವ ಸಣ್ಣ ಕೊಳವೆಯೊಂದು ನಮ್ಮೆಲ್ಲರಿಗೂ ಇದೆ. ಮಕ್ಕಳಲ್ಲಿ ಅದು ಇನ್ನೂ ಸಪೂರ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಕೊಳವೆ ಬೇಗ ತೆರೆಯುವುದಿಲ್ಲ, ಕಿವಿ ಸಿಡಿಯುವಂತೆ ನೋಯುತ್ತದೆ. ನಾವಾದರೆ ಆಕಳಿಸುತ್ತೇವೆ, ಲಿಂಬೆಹುಳಿ ಪೆಪ್ಪರಮಿಂಟು ಚೀಪುತ್ತೇವೆ. ಕೂಸಿಗೆ ಗೊತ್ತಿರುವುದು ಅಳು ಒಂದೇ. ಒತ್ತಡ ಕಾಯ್ದುಕೊಳ್ಳುವ ಮೊದಲ ಪ್ರಯಾಣಿಕ ವಿಮಾನ, ಬೋಯಿಂಗ್ 307, 1940ರಲ್ಲಿ ಬಂದ ಮೇಲೆ ಕಷ್ಟ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇಳಿಯುವ ಹೊತ್ತಿಗೆ ಹಾಲು ಕುಡಿಸಿದರೆ ನುಂಗುವಾಗ ಆ ಕೊಳವೆ ತೆರೆಯುತ್ತದೆ ಎಂದು ಈಗ ವೈದ್ಯರು ಹೇಳುತ್ತಾರೆ. ಕೂಸು ಅತ್ತರೆ ಮೊಲೆ ಕೊಡು ಎಂದು ನಮ್ಮ ಅಜ್ಜಿಯಂದಿರು ವಿಮಾನ ನೋಡದೆಯೇ ಹೇಳುತ್ತಿದ್ದರು, ಅದು ಬೇರೆ ಮಾತು.

ನಮ್ಮ ಕರಾವಳಿಗೆ ವಿಮಾನ ಹೊಸತಲ್ಲ. ಬಜ್ಪೆಯ ನಿಲ್ದಾಣ 1951ರಲ್ಲೇ ಆಯಿತು. ಆದರೆ ಕೊಲ್ಲಿಗೆ ಹೋಗುವ ಸಂಸಾರಗಳು ಬಹುಕಾಲ ಮುಂಬಯಿಗೆ ಬಸ್ಸು ಹಿಡಿಯಬೇಕಿತ್ತು. ದುಬೈಗೆ ಇಲ್ಲಿಂದಲೇ ನೇರ ವಿಮಾನ ಶುರುವಾದದ್ದು 2006ರಲ್ಲಿ. ಗಂಡ ಅಲ್ಲಿ, ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಹಾರುವುದು, ಇದು ನಮ್ಮ ಊರುಗಳಲ್ಲಿ ಎಷ್ಟು ಮನೆಗಳ ಕಥೆ! ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಕಟ್ಟಿನ ನಡುವೆ ಕೂಸನ್ನೂ ಸಂಭಾಳಿಸಿದ ಆ ಹೆಂಗಸರನ್ನು ಯಾರೂ ಸಾಹಸಿಗಳೆಂದು ಕರೆಯಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ಅಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದರು. ದುಡಿದಿಟ್ಟ ದಿನಾರಿಗೆ ಬೆಲೆಯೇ ಇಲ್ಲದಾಯಿತು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಮಾತಾಡಿದರು. ಜನ ಬಸ್ಸುಗಳಲ್ಲಿ ಬಸ್ರಾ, ಬಾಗ್ದಾದ್ ದಾಟಿ ಸಾವಿರದ ಐನೂರು ಕಿಲೋಮೀಟರಿನಷ್ಟು ದೂರ ಮರುಭೂಮಿಯ ಹಾದಿಯಲ್ಲಿ ಜೋರ್ಡಾನಿನ ಅಮ್ಮಾನ್ ತಲುಪಬೇಕು. ಅಲ್ಲಿಂದ ಮುಂಬಯಿಗೆ ವಿಮಾನ. ಎರಡು ತಿಂಗಳಲ್ಲಿ ಏರ್ ಇಂಡಿಯಾ 488 ಬಾರಿ ಹಾರಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ತಂದಿತು. ಅದು ಗಿನ್ನೆಸ್ ದಾಖಲೆಯಾಯಿತು.

ಆ ವರ್ಷವೇ ನಾನು ಉಡುಪಿಯ ಹತ್ತಿರದ ಒಂದು ಶಾಲೆಗೆ ಸೇರಿದ್ದೆ. ಬಿ.ಎಡ್. ಮುಗಿಸಿದ ಹೊಸತು, ಸೀರೆಯ ನೆರಿಗೆ ನಿಲ್ಲಿಸುವುದೇ ಒಂದು ಕೆಲಸ. ಸೆಪ್ಟೆಂಬರ್ ಕೊನೆಗೆ ಒಬ್ಬ ತಾಯಿ ಎಂಟನೇ ತರಗತಿಗೆಂದು ಮಗಳನ್ನು ಕರೆತಂದಳು. ಸೊಂಟದಲ್ಲಿ ಎಂಟು ತಿಂಗಳ ಗಂಡುಮಗು. ಗುಮಾಸ್ತರು ಅಭ್ಯಾಸದಂತೆ ಟಿ.ಸಿ. ಕೇಳಿದರು. ಶಾಲೆಯೇ ಆ ದೇಶದಲ್ಲಿ ಉಳಿದಿತ್ತು, ಟಿ.ಸಿ. ಎಲ್ಲಿಂದ ಬರಬೇಕು? ಆಕೆ ಚೀಲದಿಂದ ಮಗಳ ಹಳೆಯ ಪ್ರಗತಿಪತ್ರ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ಟರು ಅದನ್ನು ಒಮ್ಮೆ ನೋಡಿ, "ಬರೆದುಕೊಳ್ಳಿ" ಎಂದಷ್ಟೇ ಹೇಳಿದರು.

ಆ ತಾಯಿ ಸ್ಟಾಫ್ ರೂಮಿನಲ್ಲಿ ನೀರು ಕುಡಿಯುತ್ತಾ ಹೇಳಿದ ಮಾತು ಈಗಲೂ ನೆನಪಿದೆ. ಬಸ್ಸಿನಲ್ಲಿ ಬರುವಾಗ ಹಾಲಿನ ಪುಡಿಯ ಡಬ್ಬ ಇತ್ತಂತೆ, ಕಲಸಲು ನೀರು ಇರಲಿಲ್ಲವಂತೆ. ವಿಮಾನದಲ್ಲಿ ಗಗನಸಖಿ ಕೇಳದೆಯೇ ಬಿಸಿನೀರು ತಂದುಕೊಟ್ಟಾಗ ಆಕೆಗೆ ಅಳು ಬಂತಂತೆ. "ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ ಟೀಚರ್. ಮಕ್ಕಳು ಹೆದರ್ತಾರಲ್ಲ" ಎಂದಳು. ಇಡೀ ವಿಮಾನದ ತುಂಬ ಮಕ್ಕಳು ಅಳುತ್ತಿದ್ದರೂ ಆ ದಿನ ಯಾರೂ ತಿರುಗಿ ನೋಡಲಿಲ್ಲವಂತೆ.

ಅದಕ್ಕಿಂತ ಒಂದು ವರ್ಷ ಹಿಂದೆ ಅಮೆರಿಕದಲ್ಲಿ ನಡೆದ ಸಂಗತಿಯನ್ನು ನಾನು ಓದಿದ್ದು ಬಹಳ ತಡವಾಗಿ. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಡೆನ್ವರ್‌ನಿಂದ ಶಿಕಾಗೋಗೆ ಹೊರಟಿತ್ತು. ಒಳಗೆ 296 ಮಂದಿ. ಅವರಲ್ಲಿ 52 ಮಕ್ಕಳು, ಅದರಲ್ಲಿ ನಾಲ್ವರು ಟಿಕೆಟ್ಟಿಲ್ಲದ ಮಡಿಲ ಕೂಸುಗಳು. ಬಾಲದ ಇಂಜಿನ್ ಸಿಡಿದು ವಿಮಾನವನ್ನು ತಿರುಗಿಸುವ ವ್ಯವಸ್ಥೆಯೆಲ್ಲ ಕೈಬಿಟ್ಟಿತು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಜೊತೆಗಾರರು ಉಳಿದೆರಡು ಇಂಜಿನ್‌ಗಳ ವೇಗವನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತಾ ಮುಕ್ಕಾಲು ಗಂಟೆ ಹಾರಿಸಿ ಸೂ ಸಿಟಿಯಲ್ಲಿ ಇಳಿಸಲು ನೋಡಿದರು. ವಿಮಾನ ನೆಲಕ್ಕೆ ಬಡಿದು ತುಂಡಾಯಿತು. 112 ಮಂದಿ ತೀರಿಕೊಂಡರು, 184 ಮಂದಿ ಉಳಿದರು.

ಮುಖ್ಯ ಪರಿಚಾರಿಕೆ ಜ್ಯಾನ್ ಬ್ರೌನ್ ಇಳಿಯುವ ಮೊದಲು ನಿಯಮದ ಪುಸ್ತಕದಲ್ಲಿ ಇದ್ದುದನ್ನೇ ತಾಯಂದಿರಿಗೆ ಹೇಳಿದ್ದಳು. ಮಡಿಲ ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ದಿಂಬು ಒತ್ತಿ ಮಲಗಿಸಿ ಹಿಡಿದುಕೊಳ್ಳಿ ಎಂದು. ದೊಡ್ಡವರಿಗೆ ಬೆಲ್ಟು, ಮಕ್ಕಳಿಗೆ ತಾಯಿಯ ಕೈ. ನಾಲ್ವರಲ್ಲಿ ಒಬ್ಬ, ಎರಡು ವರ್ಷ ತುಂಬದ ಹುಡುಗ, ಉಳಿಯಲಿಲ್ಲ. ಉರಿಯುವ ವಿಮಾನದೊಳಗೆ ಮತ್ತೆ ಹೋಗಲು ಹೊರಟ ಅವನ ತಾಯಿಯನ್ನು ತಡೆದವಳೂ ಜ್ಯಾನ್ ಬ್ರೌನಳೇ. ನೀನೇ ತಾನೆ ಅವನನ್ನು ನೆಲಕ್ಕೆ ಮಲಗಿಸು ಎಂದದ್ದು ಎಂಬ ಅರ್ಥದಲ್ಲಿ ಆ ತಾಯಿ ಕೇಳಿದಳು. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಜ್ಯಾನ್ ಬ್ರೌನ್ ಆ ಪ್ರಶ್ನೆಯನ್ನು ಮರೆಯಲಿಲ್ಲ. ಪ್ರತಿ ಮಗುವಿಗೂ ಅದರದ್ದೇ ಆಸನ, ಅದರದ್ದೇ ಬೆಲ್ಟು ಬೇಕೆಂದು ವರ್ಷಗಟ್ಟಲೆ ಹೋರಾಡಿದಳು. ಅಪಘಾತಗಳನ್ನು ತನಿಖೆ ಮಾಡುವ ಮಂಡಳಿ 1990ರಲ್ಲಿ ಅದನ್ನೇ ಶಿಫಾರಸು ಮಾಡಿತು. ಆದರೆ ವಿಮಾನಯಾನದ ಆಡಳಿತ ಒಪ್ಪಲಿಲ್ಲ. ಅವರ ವಾದ ಮೂರ್ಖ ವಾದವೇನಲ್ಲ. ಮಗುವಿಗೂ ಟಿಕೆಟ್ ಕಡ್ಡಾಯವಾದರೆ ಎಷ್ಟೋ ಸಂಸಾರಗಳು ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತವೆ, ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆಯೇ ಹೆಚ್ಚಾಗುತ್ತದೆ ಎಂಬ ಲೆಕ್ಕ. 2005ರಲ್ಲೂ ಇದೇ ಕಾರಣ ಕೊಟ್ಟು ಕಡ್ಡಾಯ ಮಾಡುವುದಿಲ್ಲ ಎಂದರು. ಮಗುವಿಗೆ ಆಸನವೇ ಹೆಚ್ಚು ಕ್ಷೇಮ ಎಂದು ಸಲಹೆಯನ್ನೂ ಕೊಟ್ಟರು. ಲೆಕ್ಕ ಸರಿಯಿರಬಹುದು. ಆದರೆ ಯಾರ ಮಗು ಎಂಬುದು ಲೆಕ್ಕದಲ್ಲಿ ಬರುವುದಿಲ್ಲವಲ್ಲ.

ಇನ್ನೂ ಒಂದು ಸೋಜಿಗ. ತಾಯಿಯ ಬೆಲ್ಟಿಗೆ ಸೇರಿಸಿ ಕೂಸಿನ ಹೊಟ್ಟೆಗೆ ಕಟ್ಟುವ ಸಣ್ಣ ಬೆಲ್ಟನ್ನು ನಮ್ಮ ವಿಮಾನಗಳಲ್ಲಿ ಕೊಡುತ್ತಾರೆ. ಯುರೋಪಿನಲ್ಲಿ ಮಡಿಲಿನ ಮಗುವಿಗೆ ಅದು ಬೇಕೇ ಬೇಕು. ಅಮೆರಿಕದಲ್ಲಿ ಏರುವಾಗ ಇಳಿಯುವಾಗ ಅದನ್ನು ಕಟ್ಟಲು ಬಿಡುವುದಿಲ್ಲ. ಪೆಟ್ಟು ಬಿದ್ದರೆ ತಾಯಿಯ ಭಾರವೇ ಮಗುವನ್ನು ಹಿಸುಕುತ್ತದೆ ಎನ್ನುತ್ತಾರೆ. ಕೈಯಲ್ಲಿ ಗಟ್ಟಿ ಹಿಡಿದರೆ ಸಾಲದೇ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದೆ. ಒಂಬತ್ತು ಪಟ್ಟು ಒತ್ತಡ ಬಿದ್ದರೆ ಹತ್ತು ಕಿಲೋದ ಮಗು ತೊಂಬತ್ತು ಕಿಲೋ ಆದ ಹಾಗೆ, ಅಕ್ಕಿ ಮೂಟೆ ಹಿಡಿದು ನಿಲ್ಲಿಸುತ್ತೀರಾ ಮೇಡಂ ಎಂದರು.

ಕಳೆದ ವರ್ಷ ಮಸ್ಕತ್‌ನಲ್ಲಿರುವ ನನ್ನ ಮಗಳು ಹದಿನಾಲ್ಕು ತಿಂಗಳ ಮಗುವಿನೊಂದಿಗೆ ಊರಿಗೆ ಬರುವುದೆಂದಾಯಿತು. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕುಳಿತರೆ ದೊಡ್ಡವರ ದರದ ಸಣ್ಣದೊಂದು ಪಾಲು ಕೊಟ್ಟರೆ ಸಾಕು. ಬೇರೆ ಸೀಟು ಬೇಕೆಂದರೆ ಖರ್ಚು ಹೆಚ್ಚು. ಅಳಿಯಂದಿರು ಲೆಕ್ಕದವರು. "ಅತ್ತೆ, ಮೂರೇ ಗಂಟೆಯ ದಾರಿ" ಎಂದರು. ನಾನು ಫೋನಿನಲ್ಲಿ ಸೂ ಸಿಟಿಯ ಕಥೆ ಪೂರ್ತಿ ಹೇಳಲಿಲ್ಲ. ಹೊರಡುವ ಮಗಳ ಕಿವಿಗೆ ಅಂಥದ್ದು ಹಾಕಬಾರದು. ಸೀಟಿನ ದುಡ್ಡು ನಾನು ಕೊಡುತ್ತೇನೆ, ಕಾರಿನಲ್ಲಿ ಕಟ್ಟುವ ಮಗುವಿನ ಕುರ್ಚಿಯನ್ನು ವಿಮಾನದಲ್ಲೂ ಕಟ್ಟಬಹುದೋ ಎಂದು ವಿಚಾರಿಸಿ ತನ್ನಿ ಎಂದೆ.

ತಂದರು. ಏರುವಾಗ ಅರ್ಧ ಗಂಟೆ, ಇಳಿಯುವಾಗ ಅರ್ಧ ಗಂಟೆ ಮೊಮ್ಮಗಳು ಅದರಲ್ಲಿ ರಾಣಿಯಂತೆ ಕುಳಿತಳಂತೆ. ನಡುವಿನ ಹೊತ್ತೆಲ್ಲ ಅಮ್ಮನ ಮಡಿಲೇ ಬೇಕೆಂದು ಹಟ. ಅಷ್ಟೂ ಹೊತ್ತು ದುಡ್ಡು ಕೊಟ್ಟ ಆ ಸೀಟಿನಲ್ಲಿ ಕುಳಿತು ಬಂದದ್ದು ಒಂದು ಆಟದ ಕರಡಿ, ಅರ್ಧ ಕುಡಿದ ಹಾಲಿನ ಬಾಟಲಿ.